ನಮ್ಮ ಅನುದಾನಿತ ಹೈಸ್ಕೂಲಿನ ಆಡಿಟ್: ಏಳು ತಿಂಗಳ ಓಡಾಟ

ನಮ್ಮ ಶಾಲೆಯ ಆಡಿಟ್‌ನ ದೊಡ್ಡ ಪ್ಯಾರಾ (ಆಡಿಟ್ ವರದಿಯಲ್ಲಿ ಬರೆದ ಆಕ್ಷೇಪಣೆ) ಹೋದ ವಾರ ತಿರುವಳಿ ಆಯಿತು, ಅಂದರೆ ಅದನ್ನು ಕೈಬಿಟ್ಟರು. ಪತ್ರ ಕೈಗೆ ಬಂದ ರಾತ್ರಿ ಏಳು ತಿಂಗಳಲ್ಲಿ ಮೊದಲ ಸಲ ನೆಮ್ಮದಿಯಿಂದ ಮಲಗಿದೆ. ನವೆಂಬರ್‌ನಲ್ಲಿ ಇದು ಶುರುವಾದಾಗ ಯಾರನ್ನು ಏನು ಕೇಳಬೇಕು ಅಂತಲೇ ತಿಳಿದಿರಲಿಲ್ಲ. ಕೇಳಿದವರೆಲ್ಲ "ಹೆದರಬ್ಯಾಡ್ರಿ ಟೀಚರ, ಆಗ್ತದ" ಅಂದರೇ ಹೊರತು ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ನನ್ನ ಹಾಗೆ ಇನ್ನೊಬ್ಬರು ಅಲೆಯಬಾರದು ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮುಖ್ಯೋಪಾಧ್ಯಾಯರು ನಿವೃತ್ತರಾದ ಮೇಲೆ ಪ್ರಭಾರ ನನ್ನ ಹೆಗಲಿಗೆ ಬಂತು. ಕ್ಲಾರ್ಕ್ ಹುದ್ದೆ 2019ರಿಂದ ಖಾಲಿ ಇದೆ. ಹೀಗಾಗಿ ಸಂಬಳದ ಬಿಲ್ಲು, ಸ್ಯಾಟ್ಸ್ (ಮಕ್ಕಳ ವಿವರದ ಆನ್‌ಲೈನ್ ದಾಖಲೆ), ಯು-ಡೈಸ್ (ಶಾಲೆಯ ವಾರ್ಷಿಕ ಅಂಕಿಅಂಶ), ಬಿಸಿಯೂಟದ ಲೆಕ್ಕ ಎಲ್ಲ ನಾನು ಮತ್ತು ನಮ್ಮ ವಿಜ್ಞಾನದ ಸರ್ ಸೇರಿ ಮಾಡುತ್ತೇವೆ, ಅದೂ ಪಾಠ ಮುಗಿದ ಮೇಲೆ. ಇನ್ನೊಂದು ವಿಷಯ ಮೊದಲೇ ಹೇಳಬೇಕು. ನಮ್ಮ ಶಾಲೆಯ ಹಳೆಯ ಕಟ್ಟಡ ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ಊರು ಪುನರ್ವಸತಿ ಕೇಂದ್ರಕ್ಕೆ ಬಂದಾಗ ದಾಖಲೆಗಳು ಟ್ರ್ಯಾಕ್ಟರಿನಲ್ಲಿ ಬಂದವು. ಯಾವುದು ಬಂತು, ಯಾವುದು ಬರಲಿಲ್ಲ ಅಂತ ಯಾರೂ ಪಟ್ಟಿ ಮಾಡಲಿಲ್ಲ. ಮುಂದಿನ ತೊಂದರೆಗೆಲ್ಲ ಇದೇ ಬೇರು.

ನವೆಂಬರ್ 2024ರಲ್ಲಿ ಪತ್ರ ಬಂತು. 2011-12ರಿಂದ 2023-24ರವರೆಗಿನ ಲೆಕ್ಕ ಪರಿಶೋಧನೆ, ದಾಖಲೆಗಳನ್ನು ಸಿದ್ಧವಾಗಿಡಿ ಅಂತ. ಹದಿಮೂರು ವರ್ಷ! ನಾನು ಮೊದಲು ಮಾಡಿದ ತಪ್ಪು ಅಂದರೆ ಆಡಳಿತ ಮಂಡಳಿಯವರಿಗೆ ಫೋನ್ ಮಾಡಿ "ಸಿಎ ಆಡಿಟ್ ಪ್ರತಿ ವರ್ಷ ಆಗ್ತದಲ್ರೀ, ಅದನ್ನೇ ಕೊಟ್ಟರೆ ಆಯ್ತಲ್ಲ" ಅಂದದ್ದು. ಅದು ಬೇರೆ, ಇದು ಬೇರೆ. ಸಿಎ ನೋಡುವುದು ಸಂಸ್ಥೆಯ ಲೆಕ್ಕ: ದೇಣಿಗೆ, ಬಾಡಿಗೆ, ಶುಲ್ಕ, ಆದಾಯ ತೆರಿಗೆ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ ಸಂಸ್ಥೆ ಪ್ರತಿ ವರ್ಷ ಸಂಘಗಳ ನೋಂದಣಾಧಿಕಾರಿಗಳಿಗೆ ಕೊಡುವುದು ಆ ವರದಿಯನ್ನು. ಈಗ ಪತ್ರ ಕಳಿಸಿದ ಸರ್ಕಾರಿ ಲೆಕ್ಕ ಪರಿಶೋಧಕರು ನೋಡುವುದು ಸರ್ಕಾರ ಕೊಟ್ಟ ಹಣವನ್ನು. ಯಾರ ಹುದ್ದೆಗೆ, ಯಾವ ಆದೇಶದ ಮೇಲೆ, ಎಷ್ಟು ದಿನಕ್ಕೆ ಸಂಬಳ ಕೊಟ್ಟರು ಅನ್ನುವುದು. ಇದರ ಮೇಲೆ ಮಹಾಲೇಖಪಾಲರ ಕಚೇರಿಯವರೂ (ಸಿಎಜಿ, ಅಂದರೆ ದೇಶದ ಮಹಾಲೆಕ್ಕ ಪರಿಶೋಧಕರ ಕೈಕೆಳಗಿನವರು) ಬರಬಹುದು. ಖಾಸಗಿ ಸಂಸ್ಥೆಯ ಲೆಕ್ಕ ಅವರೇಕೆ ನೋಡಬೇಕು ಅಂತ ನಮ್ಮ ಮಂಡಳಿಯ ಒಬ್ಬರು ಕೇಳಿದರು. 1971ರ ಸಿಎಜಿ ಕಾಯ್ದೆಯ 14ನೇ ಕಲಂ ಪ್ರಕಾರ ಒಂದು ವರ್ಷದಲ್ಲಿ 25 ಲಕ್ಷಕ್ಕೆ ಕಡಿಮೆ ಇಲ್ಲದ ಅನುದಾನ ಬಂದು, ಅದು ಒಟ್ಟು ಖರ್ಚಿನ ಶೇ. 75ಕ್ಕೆ ಕಡಿಮೆ ಇಲ್ಲದಿದ್ದರೆ ಅವರು ನೋಡಬಹುದು. ಆರು ಶಿಕ್ಷಕರ ಸಂಬಳವೇ ಆ ಮೊತ್ತ ದಾಟುತ್ತದೆ, ಅಲ್ವಾ?

ಡಿಸೆಂಬರ್ ಎರಡನೇ ವಾರ ಮೂವರು ಬಂದರು. ನಾಲ್ಕು ದಿನ ಕೂತರು. ಬರುವ ಮುಂಚೆ ಬೇರೆ ಶಾಲೆಯ ಒಬ್ಬರು "ಒಂದು ಲಕೋಟೆ ರೆಡಿ ಇಟ್ಟಿರ್ರಿ" ಅಂದಿದ್ದರು. ನಾನು ಇಡಲಿಲ್ಲ, ಅವರೂ ಕೇಳಲಿಲ್ಲ. ಚಹಾ ಮತ್ತು ಮಧ್ಯಾಹ್ನ ನಮ್ಮ ಬಿಸಿಯೂಟದ ಅಡುಗೆಯವರು ಮಾಡಿಕೊಟ್ಟ ರೊಟ್ಟಿ-ಪಲ್ಯ, ಅಷ್ಟೇ. ಹಣ ಕೊಟ್ಟರೆ ಪ್ಯಾರಾ ಹೋಗುತ್ತದೆ ಅಂತ ನಂಬಬೇಡಿ. ಪ್ಯಾರಾ ಹೋಗುವುದು ಕಾಗದದಿಂದ.

ಮೊದಲ ದಿನ ಕೇಳಿದ್ದು ನಾಲ್ಕು ಆದೇಶ. ಶಾಲೆಯ ಮಾನ್ಯತೆ ಮತ್ತು ಅದರ ನವೀಕರಣ, ಅನುದಾನಕ್ಕೆ ಒಳಪಡಿಸಿದ ಆದೇಶ, ಹುದ್ದೆ ಮಂಜೂರಾತಿ, ಪ್ರತಿಯೊಬ್ಬರ ನೇಮಕಾತಿ ಅನುಮೋದನೆ. ಇವು ಇಲ್ಲದಿದ್ದರೆ ಉಳಿದದ್ದು ಏನು ತೋರಿಸಿದರೂ ಉಪಯೋಗವಿಲ್ಲ. ನಮ್ಮಲ್ಲಿ ಅನುದಾನದ ಆದೇಶವೇ ಇರಲಿಲ್ಲ. ನಲವತ್ತು ವರ್ಷದಿಂದ ಸಂಬಳ ಬರುತ್ತಿದೆ, ಆದರೆ ಯಾವ ಕಾಗದದ ಮೇಲೆ ಬರುತ್ತಿದೆ ಅಂತ ತೋರಿಸಲು ಆಗಲಿಲ್ಲ. ಆ ಹೊತ್ತು ನನ್ನ ಕೈ ತಣ್ಣಗಾದದ್ದು ಇನ್ನೂ ನೆನಪಿದೆ.

ಎರಡನೇ ದಿನದಿಂದ ಅವರು ಕೆಲಸ ಮಾಡುವ ರೀತಿ ಅರ್ಥವಾಯಿತು. ಒಂದು ವಹಿಯನ್ನು ಒಂಟಿಯಾಗಿ ನೋಡುವುದೇ ಇಲ್ಲ. ಶಿಕ್ಷಕರ ಹಾಜರಿ ಪುಸ್ತಕ, ಸಂಬಳದ ಬಿಲ್ಲು, ಸೇವಾ ಪುಸ್ತಕ ಮೂರನ್ನೂ ಪಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಹಾಜರಿಯಲ್ಲಿ ರಜೆ ಇದ್ದರೆ ಸೇವಾ ಪುಸ್ತಕದಲ್ಲಿ ಆ ರಜೆ ಇರಬೇಕು, ಬಿಲ್ಲಿನಲ್ಲಿ ಅದಕ್ಕೆ ತಕ್ಕ ಹಾಗೆ ಸಂಬಳ ಇರಬೇಕು. ಹಾಗೆಯೇ ಶುಲ್ಕದ ವಹಿ, ರಸೀದಿ ಪುಸ್ತಕದ ಉಳಿದ ಭಾಗ, ಬ್ಯಾಂಕ್ ಪಾಸ್‌ಬುಕ್. ಹಾಗೆಯೇ ಮಕ್ಕಳ ಹಾಜರಿ, ಸ್ಯಾಟ್ಸ್, ಬಿಸಿಯೂಟ ಉಂಡವರ ಸಂಖ್ಯೆ. ನೀವು ಈಗಲೇ ಒಂದು ಭಾನುವಾರ ಕೂತು ಹೀಗೆ ಮೂರು ಮೂರು ವಹಿ ಜೋಡಿಸಿ ನೋಡಿ. ಅವರು ಹುಡುಕುವ ಮೊದಲು ನಿಮಗೇ ಸಿಗುತ್ತದೆ.

ಚಿಕ್ಕ ಆಕ್ಷೇಪಣೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಗದು ಪುಸ್ತಕದ ಮೊದಲ ಪುಟದಲ್ಲಿ "ಈ ಪುಸ್ತಕದಲ್ಲಿ ಇಷ್ಟು ಪುಟಗಳಿವೆ" ಅನ್ನುವ ಪ್ರಮಾಣಪತ್ರ ಇರಲಿಲ್ಲ. ತಿಂಗಳ ಕೊನೆಗೆ ಶಿಲ್ಕು (ಕೈಯಲ್ಲಿ ಉಳಿದ ಹಣ) ತೆಗೆದು ಸಹಿ ಮಾಡಿರಲಿಲ್ಲ. ಒಬ್ಬರ ವೇತನ ಬಡ್ತಿ ಒಂದು ತಿಂಗಳು ಮೊದಲೇ ಸೇರಿತ್ತು, 1,240 ರೂಪಾಯಿ ವಾಪಸ್ ಕಟ್ಟಬೇಕಾಯಿತು. ಖಜಾನೆ-2ರಲ್ಲಿ (ಸರ್ಕಾರದ ಆನ್‌ಲೈನ್ ಖಜಾನೆ) ಚಲನ್ ಮಾಡುವಾಗ ಲೆಕ್ಕಶೀರ್ಷಿಕೆಯನ್ನು (ಹಣ ಯಾವ ಬಾಬತ್ತಿಗೆ ಅನ್ನುವ ಸಂಖ್ಯೆ) ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ನಾನು ಊಹೆಯ ಮೇಲೆ ಆರಿಸಿ ತಪ್ಪು ಚಲನ್ ಮಾಡಿದ್ದೆ. ಪುಣ್ಯಕ್ಕೆ ಹಣ ಕಟ್ಟುವ ಮೊದಲೇ ಗೊತ್ತಾಯಿತು. ಉಚಿತ ಸೈಕಲ್ ಕೊಟ್ಟ ವರ್ಷಗಳ ಸ್ವೀಕೃತಿ ಸಹಿ ಪಟ್ಟಿಯನ್ನೂ ಕೇಳಿದರು. ಅದು ಮಾತ್ರ ನಮ್ಮ ಹಳೆಯ ಕ್ಲಾರ್ಕ್ ಅಣ್ಣನವರ ಕೃಪೆಯಿಂದ ವರ್ಷವಾರು ಹೊಲಿದು ಇಟ್ಟದ್ದು ಸಿಕ್ಕಿತು.

ಬಿಸಿಯೂಟದ್ದು ನಾನು ಎಣಿಸಿರದ ವಿಷಯ. ನಮ್ಮದು ಹೈಸ್ಕೂಲು, ತಲೆಗೆ ದಿನಕ್ಕೆ 150 ಗ್ರಾಂ ಅಕ್ಕಿ. ಉಂಡ ಮಕ್ಕಳ ಸಂಖ್ಯೆಗೆ ಗುಣಿಸಿ ದಾಸ್ತಾನು ವಹಿಗೆ ತಾಳೆ ನೋಡಿದರು, ಸರಿ ಬಂತು. ಹಾಲಿನ ಪುಡಿಯೂ ಸರಿ ಬಂತು, ಮಗುವಿಗೆ 18 ಗ್ರಾಂ. ಆಮೇಲೆ ಅವರಲ್ಲಿ ಹಿರಿಯರು ಕೇಳಿದರು, "ಖಾಲಿ ಚೀಲ ಎಲ್ಲಿ ಹೋದುವ್ರೀ?" ಅಕ್ಕಿ ಬಂದ ಗೋಣಿ ಚೀಲಗಳಿಗೂ ಲೆಕ್ಕ ಇರಬೇಕು, ಮಾರಿದ ಹಣ ಜಮಾ ಆಗಿರಬೇಕು. ನಮ್ಮಲ್ಲಿ ಕೆಲವು ವರ್ಷ ಮಾರಿ ಜಮಾ ಮಾಡಿದ್ದರು, ಕೆಲವು ವರ್ಷ ಮಳೆಗೆ ಸೋರುವ ಕೋಣೆಗೆ ಹಾಸಿ ಹಾಳಾಗಿದ್ದವು. ಹಾಳಾದದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. 1,912 ರೂಪಾಯಿ ಬಿಸಿಯೂಟದ ಖಾತೆಗೆ ಕಟ್ಟಿದೆವು. ಚೀಲ ಹಾಳಾದರೆ ಅದೇ ದಿನ ವಹಿಯಲ್ಲಿ ಒಂದು ಸಾಲು ಬರೆದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಥವಾ ಮಂಡಳಿಯ ಒಬ್ಬರ ಸಹಿ ಹಾಕಿಸಿಡಿ.

ಈಗ ಅನುದಾನದ ಆದೇಶದ ಕಥೆ. ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ. ನಮ್ಮ ಶಾಲೆಗೆ ಅನುದಾನ ಬಂದದ್ದು ಎಂಬತ್ತರ ದಶಕದಲ್ಲಿ, ಆಗ ನಾವು ಬಿಜಾಪುರ ಜಿಲ್ಲೆಯವರು. ಹಾಗಾಗಿ ಬಾಗಲಕೋಟೆಯ ನವನಗರದಲ್ಲಿ ಹುಡುಕಿ ಪ್ರಯೋಜನವಿಲ್ಲ, ವಿಜಯಪುರಕ್ಕೆ ಹೋಗಬೇಕು ಅಂತ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಹೇಳಿದರು. ಬಾಗಲಕೋಟೆ, ಗದಗ, ಹಾವೇರಿ ಕಡೆಯ ಹೊಸ ಜಿಲ್ಲೆಗಳವರು ಇದನ್ನು ನೆನಪಿಡಿ. ನಿಮ್ಮ ಹಳೆಯ ಕಾಗದ ಹಳೆಯ ಜಿಲ್ಲಾ ಕೇಂದ್ರದಲ್ಲಿರುತ್ತದೆ.

ಆದರೆ ಸುಮ್ನೆ ಹೋಗಿ "ನಮ್ಮ ಆದೇಶ ಕೊಡಿ" ಅಂದರೆ ಯಾರು ಹುಡುಕುತ್ತಾರೆ? ಸಂಖ್ಯೆ, ದಿನಾಂಕ ಬೇಕು. ನಮ್ಮ ಹಿಂದಿ ಸರ್ ಅವರ ಸೇವಾ ಪುಸ್ತಕ ತಿರುವುತ್ತಿದ್ದಾಗ ಅದರಲ್ಲಿ ಅಂಟಿಸಿದ 1992ರ ನೇಮಕಾತಿ ಅನುಮೋದನೆ ಕಣ್ಣಿಗೆ ಬಿತ್ತು. ಅದರ ಮೇಲ್ಭಾಗದಲ್ಲಿ "ಉಲ್ಲೇಖ" ಅಂತ ನಾಲ್ಕು ಸಾಲು. ಮೂರನೇ ಸಾಲಿನಲ್ಲಿ ನಮ್ಮ ಶಾಲೆಯನ್ನು ಅನುದಾನಕ್ಕೆ ತಂದ ಆದೇಶದ ಸಂಖ್ಯೆ, ದಿನಾಂಕ! ಎಷ್ಟೋ ಸಲ ಆ ಕಾಗದ ನೋಡಿದ್ದೆ, ಉಲ್ಲೇಖದ ಸಾಲು ಓದಿರಲೇ ಇಲ್ಲ. ಕಳೆದ ಆದೇಶ ಹುಡುಕುವವರು ಮೊದಲು ಇರುವ ಆದೇಶಗಳ ಉಲ್ಲೇಖ ಓದಿ.

ಜನವರಿಯಲ್ಲಿ ಮೂರು ಸಲ ಕೊಲ್ಹಾರದ ಸೇತುವೆ ದಾಟಿ ವಿಜಯಪುರಕ್ಕೆ ಹೋದೆ. ಮೊದಲ ಸಲ ಅರ್ಜಿ ಕೊಟ್ಟು ಬಂದೆ. ಎರಡನೇ ಸಲ ಹೋದಾಗ ಸಂಬಂಧಪಟ್ಟವರು ತರಬೇತಿಗೆ ಹೋಗಿದ್ದರು, ದಿನ ಪೂರ್ತಿ ಹಾಳು. ಅಲ್ಲೇ ಕೂತು ಮಾಹಿತಿ ಹಕ್ಕಿನಲ್ಲೂ ಒಂದು ಅರ್ಜಿ ಬರೆದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕು, ಪುಟಕ್ಕೆ ಎರಡು ರೂಪಾಯಿ. ಮಾಹಿತಿ ಹಕ್ಕು ಅಂದರೆ ಜಗಳಕ್ಕೆ ಹೋದ ಹಾಗೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ನನಗೆ ಹಾಗನಿಸುವುದಿಲ್ಲ. ದೃಢೀಕರಿಸಿದ ಪ್ರತಿ ಸಿಗುವ ನೇರ ದಾರಿ ಅದು. ಮೂರನೇ ಸಲ ಹೋದಾಗ ದಾಖಲೆ ಕೋಣೆಯ ಸಿಪಾಯಿ ಒಬ್ಬರು ಏಣಿ ಹಾಕಿಕೊಂಡು ಮೇಲಿನ ಕಪಾಟಿನಿಂದ ಕೆಂಪು ಬಟ್ಟೆಯ ಗಂಟು ಇಳಿಸಿದರು. ಸೀಮೆಸುಣ್ಣದ ಪುಡಿಯ ಹಾಗೆ ಧೂಳು. ಟೈಪ್ ಮಾಡಿದ ತೆಳು ಕಾಗದ, ಅಂಚುಗಳು ಕಂದು ಬಣ್ಣಕ್ಕೆ ತಿರುಗಿದ್ದವು, ನಮ್ಮ ಮುಳುಗಿದ ಊರಿನ ಹೆಸರು ಅದರಲ್ಲಿ ಸ್ಪಷ್ಟವಾಗಿತ್ತು. ಹದಿನಾಲ್ಕು ಪುಟ, ಇಪ್ಪತ್ತೆಂಟು ರೂಪಾಯಿ. ಆ ಸಿಪಾಯಿ ಅಣ್ಣ ಚಹಾ ಕೂಡ ಕುಡಿಯಲು ಒಪ್ಪಲಿಲ್ಲ.

ಫೆಬ್ರುವರಿಯಲ್ಲಿ ವರದಿ ಬಂತು. ಒಟ್ಟು ಹನ್ನೊಂದು ಪ್ಯಾರಾ. ಏಳನೆಯದು ಓದಿ ನಾನು ಕುರ್ಚಿಯಿಂದ ಏಳಲಾಗಲಿಲ್ಲ. ಹಿಂದಿ ಸರ್ 2012ರಲ್ಲಿ 42 ದಿನ ಶಾಲೆಗೆ ಬಂದಿಲ್ಲ, ಪೂರ್ತಿ ಸಂಬಳ ಪಡೆದಿದ್ದಾರೆ, ಸೇವಾ ಪುಸ್ತಕದಲ್ಲಿ ಯಾವ ರಜೆಯೂ ನಮೂದಾಗಿಲ್ಲ, ಆದ್ದರಿಂದ ಅನಧಿಕೃತ ಗೈರುಹಾಜರಿ, 41,360 ರೂಪಾಯಿ ವಸೂಲು ಮಾಡಿ.

ಆ ವರ್ಷ ಬೈಕಿನಿಂದ ಬಿದ್ದು ಅವರ ಕಾಲು ಮುರಿದಿತ್ತು. ಆಪರೇಷನ್ ಆಗಿ ರಾಡ್ ಹಾಕಿದ್ದರು. ನಮ್ಮ ಶಾಲೆಯ ಪ್ರತಿಯೊಬ್ಬರಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಬರೆದಿರುವುದು ಬೇರೆ. ಅವರ ನಿವೃತ್ತಿ 2025ರ ಮೇ 31ಕ್ಕೆ. ಪಿಂಚಣಿ ಕಡತದ ಜೊತೆ ಬೇಬಾಕಿ ಪ್ರಮಾಣಪತ್ರ (ಯಾವ ಬಾಕಿಯೂ ಇಲ್ಲ ಅನ್ನುವ ಪತ್ರ) ಹೋಗಬೇಕು. ವಸೂಲಾತಿ ಪ್ಯಾರಾ ಬಾಕಿ ಇರುವವರೆಗೆ ಅದನ್ನು ಕೊಡುವ ಹಾಗಿಲ್ಲ.

ಸರ್ ಮರುದಿನವೇ ಚೆಕ್ ಪುಸ್ತಕ ತಂದರು. "ಟೀಚರ, ಕಟ್ಟಿ ಬಿಡ್ತೀನ್ರೀ. ಈ ವಯಸ್ಸಿನಾಗ ನನಗ ಓಡಾಡಲಿಕ್ಕೆ ಆಗಂಗಿಲ್ಲ" ಅಂದರು. ನಾನು ಬೇಡ ಅಂದೆ. ಇದು ಹಣದ ಮಾತಲ್ಲ. ಕಟ್ಟಿದರೆ ಆ 42 ದಿನ ಹೇಳದೆ ಕೇಳದೆ ಶಾಲೆ ಬಿಟ್ಟು ಹೋಗಿದ್ದೆ ಅಂತ ಒಪ್ಪಿದ ಹಾಗೆ. ಸೇವೆಯ ಮಧ್ಯೆ ಬಿರುಕು ಬಿದ್ದ ಹಾಗೆ ಆಗುತ್ತದೆ, ಅದು ಪಿಂಚಣಿಗೂ ಅಂಟಿಕೊಳ್ಳುತ್ತದೆ. ಮೂವತ್ಮೂರು ವರ್ಷ ಕಲಿಸಿದವರ ಪುಸ್ತಕದ ಕೊನೆಯ ಪುಟದಲ್ಲಿ ಆ ಮಾತು ಇರಬಾರದು ಅಂತ ನನಗೆ ಬಹಳ ಅನಿಸಿತು. ನಿಮ್ಮ ಶಾಲೆಯಲ್ಲಿ ಯಾರಾದರೂ ಹೀಗೆ "ಕಟ್ಟಿ ಬಿಡೋಣ" ಅಂದರೆ ತಡೆಯಿರಿ. ತಪ್ಪಾಗಿ ಬಂದ ಹಣ ಕಟ್ಟಬೇಕು, ಸರಿಯಾಗಿ ಬಂದದ್ದನ್ನು ಕಟ್ಟಬಾರದು.

ಮೊದಲ ಅನುಪಾಲನಾ ವರದಿಯನ್ನು (ಆಕ್ಷೇಪಣೆಗಳಿಗೆ ನಮ್ಮ ಉತ್ತರ) ಮಾರ್ಚ್ ಮೊದಲ ವಾರ ಕಳಿಸಿದೆ. ಏಳನೇ ಪ್ಯಾರಾಕ್ಕೆ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ, ವೈದ್ಯರ ಪ್ರಮಾಣಪತ್ರ ಲಗತ್ತಿಸಿ ಒಂದು ಪುಟ ವಿವರಣೆ ಬರೆದೆ. ಹದಿನೈದು ದಿನದಲ್ಲಿ ವಾಪಸ್ ಬಂತು. ಮಂಜೂರಾತಿ ಆದೇಶ ಇಲ್ಲದೆ ರಜೆ ಎಂದು ಪರಿಗಣಿಸಲಾಗದು. ಒಂದೇ ಸಾಲು. ಅವತ್ತು ಸಿಟ್ಟು ಬಂತು, ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಆಮೇಲೆ ಯೋಚಿಸಿದಾಗ ಅವರ ಮಾತು ಸರಿ ಅನಿಸಿತು. ಕಾಯಿಲೆ ಇತ್ತು ಅನ್ನುವುದಕ್ಕೆ ಕಾಗದ ಕೊಟ್ಟಿದ್ದೆ, ರಜೆ ಕೊಟ್ಟಿದ್ದರು ಅನ್ನುವುದಕ್ಕೆ ಕೊಟ್ಟಿರಲಿಲ್ಲ.

ಆಡಳಿತ ಮಂಡಳಿಯ ಆಗಿನ ಕಾರ್ಯದರ್ಶಿಗಳು ತೀರಿಹೋಗಿ ಆರು ವರ್ಷ. ಅವರ ಮನೆಗೆ ಹೋಗಿ ಅವರ ಪತ್ನಿಯನ್ನು ಕೇಳಿದೆ. ಆ ಅಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅಟ್ಟದ ಮೇಲಿನ ಹಸಿರು ಬಣ್ಣದ ತಗಡಿನ ಟ್ರಂಕ್ ತೋರಿಸಿದರು. "ಇದು ಸಾಲಿ ಪೆಟ್ಟಿಗಿ ಅಂತ ಹೇಳಿ ಅವರು ಯಾರಿಗೂ ಮುಟ್ಟಗೊಟ್ಟಿಲ್ರೀ. ನೀವು ಬರ್ತೀರಿ ಅಂತ ನಾನೂ ಹಂಗ ಇಟ್ಟೀನಿ" ಅಂದರು. ಶಾಲೆಯಿಂದ ಯಾರೂ ಕೇಳಲು ಹೋಗಿರಲಿಲ್ಲ, ಆರು ವರ್ಷ.

ವಿಜ್ಞಾನದ ಸರ್ ಮತ್ತು ನಾನು ಎರಡು ಭಾನುವಾರ ಆ ಟ್ರಂಕಿನ ಮುಂದೆ ಕೂತೆವು. ಕೆಲವು ಕಾಗದ ಒಂದಕ್ಕೊಂದು ಅಂಟಿಕೊಂಡಿದ್ದವು, ಬೆಳ್ಳಿ ಹುಳು ಅಂಚು ತಿಂದಿತ್ತು. 2012ರ ಜಾವಕ ವಹಿ (ಹೊರಗೆ ಕಳಿಸಿದ ಪತ್ರಗಳ ವಹಿ) ಸಿಕ್ಕಿತು. ಸೆಪ್ಟೆಂಬರ್ ಪುಟದಲ್ಲಿ ಹಿಂದಿ ಸರ್ ಹೆಸರು, ಮುಂದೆ "ಪರಿವರ್ತಿತ ರಜೆ ಮಂಜೂರಿ ಬಗ್ಗೆ" ಅಂತ ಒಂದು ಸಾಲು. ಆ ಸಂಖ್ಯೆ ಹಿಡಿದು ಹುಡುಕಿದಾಗ ಮಂಡಳಿಯ ಸಭೆಯ ನಡಾವಳಿ ಪುಸ್ತಕದೊಳಗೆ ಮಡಚಿಟ್ಟ ಕಚೇರಿ ಪ್ರತಿ ಸಿಕ್ಕಿತು. ಕಾರ್ಬನ್ ಪ್ರತಿ. ನೀಲಿ ಅಕ್ಷರ ಅರ್ಧ ಮಾಸಿತ್ತು, ಆದರೆ ಸಹಿ ಮತ್ತು ಗೋಲ್ ಶಿಕ್ಕಾ ಹಾಗೇ ಇದ್ದವು. ವಿಜ್ಞಾನದ ಸರ್ ಅಲ್ಲಿಂದಲೇ ಹಿಂದಿ ಸರ್‌ಗೆ ಫೋನ್ ಹಚ್ಚಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಗೊತ್ತಿಲ್ಲದವರಿಗೆ: ಪರಿವರ್ತಿತ ರಜೆ ಅಂದರೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅರ್ಧ ವೇತನ ರಜೆಯನ್ನು ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವುದು. ಒಂದು ದಿನಕ್ಕೆ ಎರಡು ದಿನ ಕಳೆಯುತ್ತದೆ. ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮಾ ಆಗುತ್ತದೆ. 42 ದಿನಕ್ಕೆ 84 ದಿನ ಕಳೆಯಬೇಕು, ಇಪ್ಪತ್ತು ವರ್ಷದ ಸೇವೆಗೆ ಅವರ ಖಾತೆಯಲ್ಲಿ ಅಷ್ಟು ಧಾರಾಳವಾಗಿತ್ತು. ಆದೇಶ ಆಗಿತ್ತು, ಸೇವಾ ಪುಸ್ತಕಕ್ಕೆ ಏರಿಸುವುದು ಮಾತ್ರ ಬಿಟ್ಟುಹೋಗಿತ್ತು.

ಎರಡನೇ ವರದಿಯನ್ನು ಬೇರೆ ರೀತಿ ಬರೆದೆ. ಪ್ರತಿ ಪ್ಯಾರಾಕ್ಕೆ ಒಂದು ಹಾಳೆ. ಎಡಕ್ಕೆ ಅವರ ಆಕ್ಷೇಪಣೆ ಅವರದೇ ಮಾತಿನಲ್ಲಿ, ಬಲಕ್ಕೆ ನಮ್ಮ ಉತ್ತರ ಎರಡು ಮೂರು ಸಾಲು, ಕೆಳಗೆ ಲಗತ್ತಿನ ಸಂಖ್ಯೆ. ಕಾರಣ, ಕಷ್ಟ, ಕ್ಲಾರ್ಕ್ ಇಲ್ಲ ಅನ್ನುವುದೆಲ್ಲ ಬರೆಯಲಿಲ್ಲ. ಪ್ರತಿ ಲಗತ್ತಿನ ಮೇಲೆ ದೃಢೀಕರಣ ಸಹಿ, ಮೂರು ಸೆಟ್. ಒಂದು ಸೆಟ್ ಶಾಲೆಯಲ್ಲೇ ಉಳಿಯಬೇಕು, ಅದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲೇಬೇಕು. ಒಂದು ಕಚೇರಿಯಲ್ಲಿ ನಮ್ಮ ಕಡತ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗುತ್ತ ಇಪ್ಪತ್ತಾರು ದಿನ ಕಾಣಲೇ ಇಲ್ಲ. ಆಗ ಆ ಮುದ್ರೆ ಇದ್ದದ್ದಕ್ಕೇ ನಾನು ಗಟ್ಟಿಯಾಗಿ ಕೇಳಲು ಆಯಿತು.

ಖರ್ಚು ಕೇಳುವವರಿಗೆ ಹೇಳುತ್ತೇನೆ. ಜೆರಾಕ್ಸ್ ಮತ್ತು ಬೈಂಡಿಂಗ್ 2,860, ಬಸ್ಸು-ಊಟ ಸುಮಾರು 2,400, ವಾಪಸ್ ಕಟ್ಟಿದ್ದು ಎರಡೂ ಸೇರಿ 3,152. ಹಳೆಯ ವರ್ಷಗಳ ಶುಲ್ಕದ ಲೆಕ್ಕ ಸರಿಮಾಡಲು ಸಿಎ ಅವರಿಗೆ ಮಂಡಳಿ 9,000 ಕೊಟ್ಟಿತು. ಜೆರಾಕ್ಸ್ ಮತ್ತು ಬಸ್ಸಿನದ್ದು ಮೊದಲು ನನ್ನ ಕೈಯಿಂದ ಹೋಯಿತು, ಏಪ್ರಿಲ್‌ನಲ್ಲಿ ವೋಚರ್ ಕೊಟ್ಟ ಮೇಲೆ ಮಂಡಳಿ ಕೊಟ್ಟಿತು. ಪ್ರತಿ ಜೆರಾಕ್ಸ್ ಚೀಟಿ ಇಟ್ಟುಕೊಳ್ಳಿ. ಹಣಕ್ಕಿಂತ ಜಾಸ್ತಿ ಹೋದದ್ದು ಸಮಯ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತೆ ಪರೀಕ್ಷೆಯ ಹೊತ್ತಿಗೆ ನನ್ನ ಹತ್ತನೇ ತರಗತಿಯ ಒಂಬತ್ತು ಪಿರಿಯಡ್ ಹೋದವು. ಬೆಳಿಗ್ಗೆ ಎಂಟಕ್ಕೆ ಬಂದು ಅವನ್ನು ತುಂಬಿಕೊಟ್ಟೆ, ಆದರೂ ಮಕ್ಕಳ ಮುಂದೆ ತಪ್ಪಿತಸ್ಥೆಯ ಹಾಗೆ ಅನಿಸುತ್ತಿತ್ತು.

ರಜೆಯ ನಮೂದನ್ನು ಏಪ್ರಿಲ್ 9ರಂದು ಸೇವಾ ಪುಸ್ತಕದಲ್ಲಿ ಬರೆದೆವು. ಹಳೆಯ ಪುಟದ ನಡುವೆ ತುರುಕಬೇಡಿ. ಇವತ್ತಿನ ದಿನಾಂಕದಲ್ಲಿ, ಹಳೆಯ ಆದೇಶದ ಸಂಖ್ಯೆ ಹಾಕಿ, "ಬಿಟ್ಟುಹೋದ ನಮೂದು" ಅಂತ ಸ್ಪಷ್ಟವಾಗಿ ಬರೆದು ದೃಢೀಕರಿಸಬೇಕು. ಹಿಂದಿನ ದಿನಾಂಕ ಹಾಕಿದರೆ ಇಲ್ಲದ ತಪ್ಪು ಹುಟ್ಟುತ್ತದೆ. ಸರ್ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿ, ಅದರ ಪಕ್ಕ ಸಹಿ ಮಾಡಿದರು.

ಮೇ 31ಕ್ಕೆ ಅವರಿಗೆ ಶಾಲೆಯಲ್ಲಿ ಬೀಳ್ಕೊಡುಗೆ ಆಯಿತು. ಶಾಲು ಹೊದಿಸಿದೆವು, ಹಳೆಯ ವಿದ್ಯಾರ್ಥಿಗಳು ಇಳಕಲ್, ಮುಧೋಳದಿಂದೆಲ್ಲ ಬಂದಿದ್ದರು. ಆಗಿನ್ನೂ ಪ್ಯಾರಾ ತಿರುವಳಿ ಆಗಿರಲಿಲ್ಲ. ಅವರು ಯಾರಿಗೂ ಹೇಳದೆ ನಗುತ್ತಲೇ ಕೂತಿದ್ದರು. ಜೂನ್‌ನಲ್ಲಿ ಪತ್ರ ಬಂತು. ಹನ್ನೊಂದರಲ್ಲಿ ಹತ್ತು ಪ್ಯಾರಾ ಕೈಬಿಟ್ಟಿದ್ದಾರೆ. ಬೇಬಾಕಿ ಪ್ರಮಾಣಪತ್ರಕ್ಕೆ ಅದೇ ದಿನ ಸಹಿ ಮಾಡಿ ಪಿಂಚಣಿ ಕಡತ ಕಳಿಸಿದೆ.

ಉಳಿದದ್ದು ಒಂದು, 2014ರ ರಸೀದಿ ಪುಸ್ತಕದ್ದು. ನೂರು ರಸೀದಿಯ ಒಂದು ಪುಸ್ತಕ ಎಲ್ಲೂ ಸಿಗಲಿಲ್ಲ. ಶುಲ್ಕದ ವಹಿಯಲ್ಲಿ ಪ್ರತಿ ಮಗುವಿನ ಮುಂದೆ ಬರೆದ ರಸೀದಿ ಸಂಖ್ಯೆ ಹಿಡಿದು ನೂರರಲ್ಲಿ 94ನ್ನು ಬ್ಯಾಂಕ್ ಜಮಾಕ್ಕೆ ತಾಳೆ ಹಾಕಿದ್ದೇವೆ. ಆರು ಸಂಖ್ಯೆ ಸಿಕ್ಕಿಲ್ಲ. ಅವು ರದ್ದಾದ ರಸೀದಿಗಳೋ, ಶುಲ್ಕ ಪಡೆದು ಬರೆಯದೆ ಬಿಟ್ಟವೋ ಹೇಳಲಾಗದು. ಆ ಆರರ ಮೊತ್ತವನ್ನು ಆ ವರ್ಷದ ಪೂರ್ತಿ ಶುಲ್ಕದ ದರದಲ್ಲಿ ಶಾಲೆಯ ಖಾತೆಗೆ ತುಂಬಲು ಮಂಡಳಿ ಠರಾವು ಮಾಡಿದೆ. ಠರಾವಿನ ಪ್ರತಿ ಮತ್ತು ಬಾಂಡ್ ಪೇಪರಿನ ಅಫಿಡವಿಟ್ ಸೋಮವಾರ ತೆಗೆದುಕೊಂಡು ಹೋಗುತ್ತಿದ್ದೇನೆ.